ಸತ್ಯಾಂಶ: ಲಸಿಕೆಯಲ್ಲಿ ಮಿಂಚುಹುಳದ ‘ಲೂಸಿಫರೇಸ್’ ಇದೆಯಾ?

ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂದಿದೆ: ‘ಕೋವಿಡ್ ಲಸಿಕೆಯಲ್ಲಿ ಲೂಸಿಫರೇಸ್ ಇದೆ. ಹೆಸರೇ ಸೈತಾನನದು. ಮೈ ಹೊಳೆಯುತ್ತದೆ, ಎಲ್ಲಿದ್ದರೂ ಪತ್ತೆ ಹಚ್ಚುತ್ತಾರೆ.’

ಸುಳ್ಳು. ಕೋವಿಶೀಲ್ಡ್, ಕೊವ್ಯಾಕ್ಸಿನ್ ಯಾವುದರಲ್ಲೂ ಅದಿಲ್ಲ. ಸೈತಾನನಿಗೂ ಲೂಸಿಫರ್ ಅನ್ನುವುದುಂಟು, ಆದರೆ ಲ್ಯಾಟಿನ್‌ನಲ್ಲಿ ಆ ಪದಕ್ಕೆ ಬೆಳಕು ತರುವವ ಎಂದರ್ಥ, ಅಷ್ಟೇ. ಮಳೆಗೆ ಮುಂಚೆ ಭಂಡಾರದರ ಕಡೆ ಮಿಂಚುಹುಳ ನೋಡಲು ಹೋಗುತ್ತೇವಲ್ಲ, ಅಂಥ ಹುಳಗಳು ಬೆಳಕು ಬೀರಲು ನೆರವಾಗುವ ಕಿಣ್ವವೇ (ಎನ್‌ಜೈಮ್) ಲೂಸಿಫರೇಸ್.

ಲ್ಯಾಬ್‌ನಲ್ಲಿ ಇದರ ಕೆಲಸವೇ ಬೇರೆ. ಜೀನ್‌ನಿಂದ ನಕಲಾದ ಆರ್‌ಎನ್‌ಎಯಲ್ಲಿ ಪ್ರೋಟೀನ್ ಮಾಡಲು ಬೇಡದ ತುಂಡುಗಳಿರುತ್ತವೆ. ಅವು ಇಂಟ್ರಾನ್‌ಗಳು. ಜೀವಕೋಶ ಅವನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸುತ್ತದೆ. ಜೀವಂತ ಇಲಿಯಲ್ಲಿ ಇದನ್ನು ನೋಡುವುದು ಹೇಗೆ? ಲೂಸಿಫರೇಸ್ ಜೀನ್‌ನ ನಡುವೆ ಬೇಕಂತಲೇ ಒಂದು ಇಂಟ್ರಾನ್ ಸೇರಿಸುತ್ತಾರೆ. ಕತ್ತರಿ ಸರಿಯಾಗಿ ಬಿದ್ದರೆ ಕಿಣ್ವ ತಯಾರಾಗಿ ಬೆಳಕು ಬರುತ್ತದೆ. ತಪ್ಪಿದರೆ ಕತ್ತಲೆ. ಚೆಂದದ ಉಪಾಯ ಅಲ್ವಾ?

ಆ ಬೆಳಕೂ ಸುಮ್ನೆ ಬರುವುದಿಲ್ಲ. ಲೂಸಿಫೆರಿನ್ ಎಂಬ ವಸ್ತುವನ್ನು ಇಲಿಗೆ ಕೊಡಬೇಕು. ಬಂದರೂ ತೀರಾ ಮಂದ. ಕತ್ತಲೆ ಪೆಟ್ಟಿಗೆಯಲ್ಲಿ ವಿಶೇಷ ಕ್ಯಾಮೆರಾ ಇಟ್ಟೇ ಹಿಡಿಯಬೇಕು. ಮುಂಬೈನ ಸಿಎಸ್‌ಎಂಟಿ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ನಿಮ್ಮನ್ನು ಹುಡುಕಲು ಇದು ಎಲ್ಲಿಗೆ ಸಾಲುತ್ತದೆ?