ನಮ್ಮ ಕೇರಿಗೂ ಚರಿತ್ರೆ ಇದೆ

ಪಾಣಿಪತ್ ಯುದ್ಧಗಳ ಇಸವಿ ನಮ್ಮ ಮಂಗಳೂರಿನ ಮಕ್ಕಳಿಗೆ ಬಾಯಿಪಾಠ. ಜೆಪ್ಪುವಿನ ಹಂಚಿನ ಕಾರ್ಖಾನೆ ಯಾವಾಗ ಶುರುವಾಯಿತು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಮಕ್ಕಳದ್ದೇನೂ ತಪ್ಪಿಲ್ಲ, ನಾವು ಹೇಳಿಕೊಟ್ಟಿದ್ದರೆ ತಾನೇ?

ಹಳೇ ಮನೆ ಕೆಡವುವಾಗ ಇಳಿಸಿಟ್ಟ ಹಂಚನ್ನು ಒಮ್ಮೆ ಮಗುಚಿ ನೋಡಿ. ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಹಂಚುಗಳಲ್ಲಿ 1865 ಅಂತಲೂ ಕಾಣಬಹುದು. ಅದು ಹಂಚು ಸುಟ್ಟ ವರ್ಷ ಅಲ್ಲ, ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಮತಾಂತರವಾಗಿ ಕುಟುಂಬ, ಕಸುಬು ಎರಡನ್ನೂ ಕಳಕೊಂಡವರಿಗೆ ದುಡಿಮೆ ಬೇಕಿತ್ತು. ಮಿಶನ್ ಕಾರ್ಖಾನೆ ಹಾಕಿದ್ದಕ್ಕೆ ಅದೂ ಒಂದು ಕಾರಣ. ನದಿ ದಡದ ಜೇಡಿಮಣ್ಣು ಇಲ್ಲಿ ಹಂಚಾಗಿ, ಬಂದರಿನಿಂದ ಹಡಗು ಹತ್ತಿತು. ಆ ಮಣ್ಣು ಕಲಸಿದವರ, ಹಂಚು ಹೊತ್ತ ಹೆಂಗಸರ ಹೆಸರು ಮಾತ್ರ ಎಲ್ಲೂ ಸಿಗುವುದಿಲ್ಲ. ಬ್ರಿಟಿಷರ ವಿರುದ್ಧ ನಡೆದ 1837ರ ಹೋರಾಟದ ನೆನಪಿಗೆ ಬಾವುಟಗುಡ್ಡೆ ಇದೆ, ದಲಿತರ ಶಿಕ್ಷಣಕ್ಕಾಗಿ ದುಡಿದ ಕುದ್ಮುಲ್ ರಂಗರಾಯರ ಹೆಸರಲ್ಲಿ ಪುರಭವನ ಇದೆ. ಅವು ಇರಲೇಬೇಕು. ಹೊಯ್ಗೆಬಜಾರಿನಲ್ಲಿ, ಹಳೇ ಬಂದರಿನಲ್ಲಿ ಬೆನ್ನು ಬಾಗಿಸಿ ದುಡಿದವರಿಗೆ ಏನಿದೆ?

ಕೇರಿಯ ಚರಿತ್ರೆ ಇವತ್ತಿನ ಕೆಲಸಕ್ಕೂ ಬರುತ್ತದೆ. ಮನೆಯ ಹಳೇ ದಸ್ತಾವೇಜು ಇದ್ದರೆ ತೆಗೆದು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಮೂಲಗೇಣಿ (ಕಾಯಂ ಗೇಣಿ) ಜಾಗ, ಪಶ್ಚಿಮಕ್ಕೆ ತೋಡು (ನೀರು ಹರಿಯುವ ಸಣ್ಣ ಹಳ್ಳ), ಉತ್ತರಕ್ಕೆ ಗದ್ದೆ ಅಂತೆಲ್ಲ ಇರುತ್ತದೆ. ಈಗ ತೋಡಿನ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಗದ್ದೆಗೆ ಮಣ್ಣು ತುಂಬಿಸಿ ಫ್ಲ್ಯಾಟು. ಜೂನ್ ತಿಂಗಳಲ್ಲಿ ನೀರು ಅಂಗಳಕ್ಕೆ ನುಗ್ಗಿದರೆ ಮಳೆಗೆ ಬೈಯುತ್ತೇವೆ. ನೀರು ತನ್ನ ಹಳೇ ದಾರಿಯಲ್ಲೇ ಬಂದಿರುತ್ತದೆ. ಸುಮ್ನೆ ಗೊಣಗುವುದಕ್ಕಿಂತ, ವಾರ್ಡ್ ಸಭೆಯಲ್ಲಿ ಆ ಕಾಗದ ಮುಂದಿಟ್ಟು "ಇಲ್ಲಿ ತೋಡಿತ್ತು, ಎಲ್ಲಿ ಹೋಯಿತು?" ಅಂತ ಕೇಳಿದರೆ ಮಾತಿಗೆ ತೂಕ ಜಾಸ್ತಿ ಅಲ್ವಾ?

ಹಾಗಾಗಿ ನನ್ನ ಒತ್ತಾಯ ಇಷ್ಟೇ. ನಮ್ಮ ಡಿಗ್ರಿ ಕಾಲೇಜುಗಳು ಒಂದೊಂದು ತಂಡಕ್ಕೆ ಒಂದೊಂದು ರಸ್ತೆಯನ್ನು ಪ್ರಾಜೆಕ್ಟಾಗಿ ಕೊಡಲಿ. ಕುದ್ರೋಳಿ, ಬೋಳಾರ, ಕಂಕನಾಡಿ, ಯಾವುದಾದರೂ ಸರಿ. ಹಿರಿಯರ ಮಾತನ್ನು ಅವರವರ ತುಳು, ಕೊಂಕಣಿ, ಬ್ಯಾರಿಯಲ್ಲೇ ರೆಕಾರ್ಡ್ ಮಾಡಲಿ. ಹಂಚಿನ ಕಾರ್ಖಾನೆಗಳಲ್ಲಿ ದುಡಿದ ತುಂಬಾ ಜನರಿಗೆ ಈಗಲೇ ವಯಸ್ಸಾಗಿದೆ, ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ. ದಿನಕ್ಕೆ ಕೂಲಿ ಎಷ್ಟಿತ್ತು, ಮಧ್ಯಾಹ್ನ ಏನು ಉಣ್ಣುತ್ತಿದ್ದರು, ಮಗುವನ್ನು ಯಾರ ಹತ್ತಿರ ಬಿಟ್ಟು ಬರುತ್ತಿದ್ದರು ಅಂತ ಕೇಳಲಿ. ಯಾವ ಬಾವಿಯ ನೀರು ಯಾರು ಮುಟ್ಟುವ ಹಾಗಿರಲಿಲ್ಲ ಅಂತಲೂ ಕೇಳಲಿ. ಆ ಪ್ರಶ್ನೆ ಕೇಳುವುದು ಕಷ್ಟ, ಉತ್ತರ ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಅದನ್ನು ಬಿಟ್ಟು ಬರೆದರೆ ಕೇರಿಯ ಅರ್ಧ ಜನ ಮತ್ತೆ ಹೊರಗೇ ಉಳಿಯುತ್ತಾರೆ.