ಮೆಮೊರಿಯ ಲೆಕ್ಕಪತ್ರ

ಮೊನ್ನೆ ಲ್ಯಾಪ್‌ಟಾಪ್ ತೆವಳತೊಡಗಿದಾಗ, ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ನುಂಗುತ್ತಿದೆಯೆಂದು ತಿಳಿಯಲು ಲಿನಕ್ಸ್‌ನ ‘ಟಾಪ್’ ತೆರೆದು, ಪ್ರತಿಯೊಂದೂ ಸದ್ಯ ಹಿಡಿದಿಟ್ಟುಕೊಂಡ ಮೆಮೊರಿಯನ್ನು ತೋರಿಸುವ ‘ರೆಸ್’ ಕಾಲಮ್ಮಿನ ಅಂಕಿಗಳನ್ನು ಕೂಡಿಸುತ್ತ ಹೋದೆ. ಯಂತ್ರದಲ್ಲಿರುವುದು 8 ಜಿಬಿ; ಮೊತ್ತ ಅದನ್ನೂ ಮೀರಿತು. ಪಕ್ಕದ ‘ವರ್ಟ್’ ಕಾಲಮ್ಮಿನಲ್ಲಂತೂ, ಕಡತಗಳ ರೂಪ ಬದಲಿಸುವುದಷ್ಟೇ ಕಸುಬಾಗಿರುವ ಪ್ಯಾಂಡಾಕ್ ಎಂಬ ಸಾಧು ಪ್ರೋಗ್ರಾಮು 1 ಟಿಬಿ ಎಂದು ನಿಸ್ಸಂಕೋಚವಾಗಿ ಬರೆಸಿಕೊಂಡಿತ್ತು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಹತ್ತು ಪ್ರೋಗ್ರಾಮುಗಳು ಹಂಚಿಕೊಂಡ ಒಂದೇ ಲೈಬ್ರರಿಯನ್ನು, ಎಂದರೆ ಸಿದ್ಧ ಕೋಡಿನ ಕಟ್ಟನ್ನು, ಹತ್ತೂ ತಮ್ಮ ತಮ್ಮ ‘ರೆಸ್’ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸಿಕೊಳ್ಳುತ್ತವೆ. ಪ್ಯಾಂಡಾಕ್ ಕಾದಿರಿಸಿದ ಆ 1 ಟಿಬಿಯಾದರೋ ಬರೀ ವಿಳಾಸಗಳು. ಮುಟ್ಟುವ ತನಕ, ಮೆಮೊರಿ ಹಂಚುವ ಲಿನಕ್ಸ್‌ನ ತಿರುಳಾದ ಕರ್ನೆಲ್ ಅವಕ್ಕೆ ಒಂದು ಪುಟವನ್ನೂ, ಎಂದರೆ ಸಾಮಾನ್ಯವಾಗಿ 4 ಕೆಬಿಯನ್ನೂ, ಕೊಡುವುದಿಲ್ಲ. ಕೇಳಿದವರಿಗೆಲ್ಲ ‘ಆಯಿತು’ ಎಂದುಬಿಟ್ಟು, ಎಲ್ಲರೂ ಒಟ್ಟಿಗೆ ಬಂದು ಕೇಳಲಾರರೆಂದು ನಂಬಿ ಕೂರುವ ಈ ಧಾರಾಳಕ್ಕೆ ಓವರ್‌ಕಮಿಟ್ ಎಂದು ಹೆಸರು. ಎಲ್ಲರೂ ಬಂದೇಬಿಟ್ಟ ದಿನ ‘ಊಮ್ ಕಿಲ್ಲರ್’ (ಊಮ್ ಎಂದರೆ ‘ಔಟ್ ಆಫ್ ಮೆಮೊರಿ’, ಮೆಮೊರಿ ಮುಗಿಯಿತು) ಎದ್ದು ಯಾವುದಾದರೊಂದು ಪ್ರೋಗ್ರಾಮನ್ನು ಕೊಲ್ಲುತ್ತದೆ.

ಡಚ್ ಗಣಿತಜ್ಞ ಆಂಡ್ರೀಸ್ ಬ್ರೌವರ್ ಇದರ ಬಗ್ಗೆ 2004ರಲ್ಲಿ ಒಂದು ಕಥೆ ಕಟ್ಟಿದರು. ಕಡಿಮೆ ಇಂಧನ ತುಂಬಿದರೆ ವಿಮಾನ ಹಗುರಾಗಿ ಹಣ ಉಳಿಯುತ್ತದೆಂದು ಒಂದು ಕಂಪನಿ ಕಂಡುಕೊಳ್ಳುತ್ತದೆ. ಅಪರೂಪಕ್ಕೊಮ್ಮೆ ಇಂಧನ ಸಾಲದೆ ವಿಮಾನ ಬೀಳುತ್ತದೆ, ನಿಜ. ಅದಕ್ಕಾಗಿ ಎಂಜಿನಿಯರುಗಳು ಸಂಕಟದ ವೇಳೆ ಒಬ್ಬ ಪ್ರಯಾಣಿಕನನ್ನು ಆರಿಸಿ ಹೊರಗೆಸೆಯುವ, ಸಾಲದಿದ್ದರೆ ಮತ್ತೊಬ್ಬನನ್ನೂ ಎಸೆಯುವ ವ್ಯವಸ್ಥೆಯೊಂದನ್ನು ರೂಪಿಸುತ್ತಾರೆ. ಯಾರನ್ನು ಎಸೆಯಬೇಕೆಂಬುದರ ಮೇಲೆ ಸಿದ್ಧಾಂತಗಳು ಬೆಳೆಯುತ್ತವೆ, ಪ್ರಬಂಧಗಳು ಪ್ರಕಟವಾಗುತ್ತವೆ: ಅತಿ ಭಾರದವನನ್ನೋ, ಅತಿ ವಯಸ್ಸಾದವನನ್ನೋ? ಹಣ ಕೊಟ್ಟವನನ್ನು ಬಿಟ್ಟು ಬಡವನನ್ನೋ? ಅತಿ ಭಾರದವನು ಪೈಲಟ್ಟೇ ಆಗಿದ್ದರೆ? ಮೊದಲ ದರ್ಜೆಯವರಿಗೆ ವಿನಾಯಿತಿ ಬೇಡವೇ? ವ್ಯವಸ್ಥೆ ಜಾರಿಗೆ ಬಂದ ಮೇಲೆ, ಇಂಧನದ ಕೊರತೆಯೇ ಇಲ್ಲದಿದ್ದಾಗಲೂ ಅದು ಆಗಾಗ ಜನರನ್ನು ಎಸೆಯತೊಡಗುತ್ತದೆ. ಎಂಜಿನಿಯರುಗಳು ಅದಕ್ಕೆ ಕಾರಣವನ್ನು ಇನ್ನೂ ಹುಡುಕುತ್ತಲೇ ಇದ್ದಾರೆ.

ಇದನ್ನು ಬರಿಯ ತಮಾಷೆಯೆಂದು ನಗುವವರು ಗಮನಿಸಬೇಕಾದ ಸಂಗತಿಯೊಂದಿದೆ. ಇಂದಿನ ಲಿನಕ್ಸ್ ಅತಿ ಭಾರದವನನ್ನೇ ಹುಡುಕುತ್ತದೆ. ಮನೆಯ ಯಜಮಾನನಂತೆ ಎಲ್ಲರ ಕೆಲಸ ಹೊತ್ತು ಕುಳಿತ ಡೇಟಾಬೇಸೇ ಎಷ್ಟೋ ಬಾರಿ ಬಲಿಯಾಗುತ್ತದೆ, ಕೊನೆಯ ಪುಟ ಕೇಳಿ ರಗಳೆಯೆಬ್ಬಿಸಿದ ಪುಂಡ ಬದುಕಿಕೊಳ್ಳುತ್ತಾನೆ. ಮೊದಲ ದರ್ಜೆಯ ಪ್ರಶ್ನೆಯೂ ಇತ್ಯರ್ಥವಾಗಿದೆ: ‘ಊಮ್ ಸ್ಕೋರ್ ಅಡ್ಜಸ್ಟ್’ ಎಂಬ ಸೆಟ್ಟಿಂಗಿನಲ್ಲಿ -1000 ಎಂದು ಬರೆಸಿಕೊಂಡವರನ್ನು ಯಾರೂ ಮುಟ್ಟುವಂತಿಲ್ಲ. ಅಲ್ಲೂ ಶಿಫಾರಸು.

ಇದಕ್ಕಿಂತ ನನ್ನ ತಾಳ್ಮೆಗೆಡಿಸುವುದು ಮೊಬೈಲಿನ ‘ಮೆಮೊರಿ ಸ್ವಚ್ಛಗೊಳಿಸುವ’ ಆ್ಯಪುಗಳು. ಖಾಲಿ ಬಿದ್ದಿರುವ ಮೆಮೊರಿಯಿಂದ ಯಾರಿಗೂ ಉಪಕಾರವಿಲ್ಲ. ಕರ್ನೆಲ್ ಅದರಲ್ಲಿ ಓದಿದ ಕಡತಗಳನ್ನು ಜೋಪಾನವಾಗಿಟ್ಟು, ಬೇಕೆಂದಾಗ ಬಿಟ್ಟುಕೊಡುತ್ತದೆ. ಈ ಆ್ಯಪುಗಳೋ ನಡೆಯುತ್ತಿರುವುದನ್ನೆಲ್ಲ ಕೊಂದು, ಅವು ಮತ್ತೆ ಎದ್ದು ಬರಲು ಬ್ಯಾಟರಿ ಸುಡುವಂತೆ ಮಾಡಿ, ಹಸಿರು ಬಣ್ಣದಲ್ಲಿ ಅಭಿನಂದನೆ ಬೇರೆ ಹೇಳುತ್ತವೆ.

ನ್ಯಾಯವಾದ ಲೆಕ್ಕವೂ ಒಂದಿದೆ. 2008ರಲ್ಲಿ ಕರ್ನೆಲ್‌ಗೆ ಸೇರಿದ ‘ಪಿಎಸ್‌ಎಸ್’, ಹಂಚಿಕೊಂಡ ಪ್ರತಿ ಪುಟವನ್ನೂ ಪಾಲುದಾರರ ಸಂಖ್ಯೆಯಿಂದ ಭಾಗಿಸುತ್ತದೆ. ಹೀಗೆ ಕೂಡಿಸಿದರೆ ಮೊತ್ತ ಮಿತಿ ಮೀರುವುದಿಲ್ಲ. ಸಮಾಧಾನವಾಯಿತು ಎನ್ನುವಷ್ಟರಲ್ಲಿ ಒಂದು ಪ್ರೋಗ್ರಾಮನ್ನು ಮುಚ್ಚಿ ನೋಡಿದೆ: ಏನೂ ಮಾಡದೆ ಸುಮ್ಮನಿದ್ದ ಇನ್ನೊಂದರ ಪಾಲು ಏರಿತು, ಬಿಟ್ಟುಹೋದ ಪಾಲುದಾರನ ಭಾರ ಉಳಿದವರ ತಲೆಗೆ ಬಂದಿತ್ತು. ಒಂದನ್ನು ಮುಚ್ಚಿದರೆ ನಿಜವಾಗಿ ಎಷ್ಟು ಮೆಮೊರಿ ಮರಳಿ ಸಿಕ್ಕುತ್ತದೆಂಬ ನನ್ನ ಸರಳ ಪ್ರಶ್ನೆಗೆ ಇದು ಉತ್ತರವಲ್ಲವಂತೆ. ಅದಕ್ಕೆ ‘ಯುಎಸ್‌ಎಸ್’ ಎಂಬ, ಯಾರೊಂದಿಗೂ ಹಂಚಿಕೊಳ್ಳದ ಪುಟಗಳನ್ನಷ್ಟೇ ಎಣಿಸುವ ಬೇರೆಯೇ ಅಂಕಿಯನ್ನು ನೋಡಬೇಕಂತೆ.