ಬಯ್ಯುವ ಮುನ್ನ ಸಾಕ್ಷಿ
ನಮ್ಮ ಬರಹ ಕದ್ದು ಅಂತರ್ಜಾಲದಲ್ಲಿ ಹಾಕಿಕೊಂಡವರನ್ನು ಮೊದಲು ಫೇಸ್‌ಬುಕ್‌ನಲ್ಲಿ ಬಯಲು ಮಾಡಿ ಎಂದು ಲೇಖನವೊಂದು ಕೊಟ್ಟ ಸಲಹೆ ಅಪಾಯದ್ದು. ಬಯ್ದ ಕೂಡಲೇ ಅವರು ಪೋಸ್ಟ್ ಅಳಿಸುತ್ತಾರೆ, ಸಾಕ್ಷಿಯೂ ಹೋಯಿತು! ಮೊದಲು ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ವೆಬ್ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮಷೀನ್ ತಾಣದಲ್ಲೂ ಆ ಪುಟ ಉಳಿಸಿ. ನಿಮ್ಮ ಬರಹದ ಅಪರೂಪದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿದರೆ ಬೇರೆ ನಕಲುಗಳೂ ಸಿಗಬಹುದು.

ದೂರು ಕೊಡಲು ಕಾಪಿರೈಟ್ (ಕೃತಿಸ್ವಾಮ್ಯ) ನೋಂದಣಿ ಕಡ್ಡಾಯವಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯ ಕಲಂ 52(1)(ಸಿ), 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ ನಕಲು ಇರುವ ತಾಣದವರಿಗೆ ಲಿಖಿತ ದೂರು ಕೊಡಿ. ದೂರು ಸರಿಯೆನಿಸಿದರೆ ತಾಣದವರು 36 ಗಂಟೆಯೊಳಗೆ ಪುಟ ತಡೆಯಬೇಕು. ಆದರೆ 21 ದಿನದೊಳಗೆ ಕೋರ್ಟ್ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ಮೂಲ, ನಕಲು ಎರಡರ ಪೂರ್ತಿ ಲಿಂಕ್ ಕೊಡಿ, ಮುಖಪುಟದ ವಿಳಾಸ ಸಾಲದು. ಗೂಗಲ್ ಸರ್ಚ್‌ಗೆ ದೂರಿತ್ತರೆ ಹುಡುಕಾಟದಿಂದಷ್ಟೇ ಮರೆ, ಪುಟ ಅಲ್ಲೇ ಇರುತ್ತದೆ.